ಚೀಟಿಯಲ್ಲಿ ಬದಲಾದ ಹೆಸರು: ಮನೋರೋಗಗಳನ್ನು ಹೇಗೆ ವಿಂಗಡಿಸುತ್ತಾರೆ?

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರದ ಹಳ್ಳಿ. ನನ್ನ ತಮ್ಮನಿಗೆ 26 ವರ್ಷ. ಎರಡು ಮಳೆಗಾಲಗಳ ಹಿಂದೆ ಅವನು ಕೆಲಸಕ್ಕೆ ಹೋಗುವುದನ್ನು ಬಿಟ್ಟು, ಊಟ, ಮಾತು ಎರಡೂ ಕಡಿಮೆಯಾಗಿ, ದಿನವಿಡೀ ಮಲಗಿರುತ್ತಿದ್ದ. ಆಗ ನೋಡಿದ ವೈದ್ಯರು ಖಿನ್ನತೆ ಎಂದರು. ಚೀಟಿಯಲ್ಲಿ ಎಫ್ 32.1 ಎಂದು ಬರೆದಿದ್ದರು. ಐದಾರು ತಿಂಗಳಲ್ಲಿ ಸುಧಾರಿಸಿಕೊಂಡು ಮಾತ್ರೆಯನ್ನೂ ಬಿಟ್ಟ. ಈ ದೀಪಾವಳಿಯ ಹೊತ್ತಿಗೆ ರಾತ್ರಿ ಎರಡು ಗಂಟೆಯಷ್ಟೇ ನಿದ್ದೆ, ನಿಲ್ಲದ ಮಾತು. ಅಮ್ಮನ ಹೆಸರಿನಲ್ಲಿ ಸೊಸೈಟಿಯಲ್ಲಿದ್ದ ಠೇವಣಿಯನ್ನು ತೆಗೆಸಿ ಖರ್ಚು ಮಾಡಿದ. ನಾಗದೇವರು ತನ್ನೊಬ್ಬನಿಗೇ ಅಪ್ಪಣೆ ಕೊಟ್ಟಿದ್ದಾರೆ, ಇಡೀ ಜಿಲ್ಲೆಯನ್ನು ತಾನೇ ಕಾಯಬೇಕು ಎನ್ನತೊಡಗಿದ. ಆಸ್ಪತ್ರೆಗೆ ಸೇರಿಸಿದೆವು. ಬಿಡುಗಡೆಯ ಚೀಟಿಯಲ್ಲಿ ಈಗ ಎಫ್ 31.2 ಎಂದಿದೆ. ಮೊದಲಿನ ವೈದ್ಯರು ತಪ್ಪು ಮಾಡಿದರೇ? ಮನೋರೋಗಗಳಲ್ಲಿ ಎಷ್ಟು ವಿಧ, ಯಾವ ಲಕ್ಷಣ ನೋಡಿ ಯಾವುದೆಂದು ತೀರ್ಮಾನಿಸುತ್ತಾರೆ? ಇದು ದೊಡ್ಡ ಕಾಯಿಲೆಯೋ ಸಣ್ಣದೋ? ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಬೇಕು ಎಂದು ಮಾವ ಹೇಳುತ್ತಿದ್ದಾರೆ. ಊರಿನವರು ‘ಮರ್ಲ್’, ಅಂದರೆ ಹುಚ್ಚು, ಎನ್ನುತ್ತಿದ್ದಾರೆ.

ಉತ್ತರ: ನೀವು ಬರೆದಿರುವಷ್ಟರಿಂದ ಹೇಳುವುದಾದರೆ, ಮೊದಲಿನ ವೈದ್ಯರು ತಪ್ಪಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಅಂದು ಅವರ ಮುಂದೆ ಕುಳಿತಿದ್ದ ಯುವಕನಲ್ಲಿ ಖಿನ್ನತೆಯ ಲಕ್ಷಣಗಳಿದ್ದವು, ಉನ್ಮಾದದ, ಅಂದರೆ ಮನಸ್ಸು ಅತಿಯಾಗಿ ಉಬ್ಬಿ ಹುರುಪೇರುವ ಸ್ಥಿತಿಯ, ಲಕ್ಷಣಗಳಿರಲಿಲ್ಲ, ಎಫ್ 32.1 ಎಂದರೆ ಮಧ್ಯಮ ತೀವ್ರತೆಯ ಖಿನ್ನತೆಯ ಒಂದು ಎಪಿಸೋಡ್ ಎಂದಷ್ಟೇ ಅರ್ಥ. ಖಿನ್ನತೆ, ಉನ್ಮಾದಗಳೆಂಬ ಎರಡು ಧ್ರುವಗಳ ನಡುವೆ ಓಲಾಡುವ ಬೈಪೋಲಾರ್ ಕಾಯಿಲೆ (ಈಗಿನ ಚೀಟಿಯ ಎಫ್ 31 ಅದೇ) ಅನೇಕರಲ್ಲಿ ಖಿನ್ನತೆಯಿಂದಲೇ ಆರಂಭವಾಗುತ್ತದೆ, ಇನ್ನೊಂದು ಧ್ರುವ ಕಾಣಿಸಿಕೊಳ್ಳಲು ತಿಂಗಳುಗಳೋ ವರ್ಷಗಳೋ ಬೇಕಾಗುತ್ತವೆ. ಈ ಮಾತನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಚೀಟಿಯ ಹೆಸರು ಬದಲಾದೊಡನೆ ವೈದ್ಯರ ಮೇಲಿನ ನಂಬಿಕೆ ಕಳೆದುಕೊಂಡು, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಕೊನೆಗೆ ಔಷಧವನ್ನೇ ನಿಲ್ಲಿಸಿದ ಕುಟುಂಬಗಳನ್ನು ನಾನು ಬಹಳ ನೋಡಿದ್ದೇನೆ.

ಮಂಗಳೂರಿನ ಯಾವುದೇ ಪ್ರಯೋಗಾಲಯಕ್ಕೆ ಹೋದರೂ ರಕ್ತ ಪರೀಕ್ಷೆಯಿಂದ ಸಕ್ಕರೆ ಕಾಯಿಲೆಯನ್ನು ಗುರುತಿಸಬಹುದು; ಖಿನ್ನತೆಯನ್ನಾಗಲಿ, ಇಲ್ಲದ ದನಿ ಕೇಳುವ, ಸುಳ್ಳು ನಂಬಿಕೆಗಳು ಬೇರೂರುವ ಸ್ಕಿಜೋಫ್ರೀನಿಯಾವನ್ನಾಗಲಿ ಹಾಗೆ ಗುರುತಿಸುವ ರಕ್ತ ಪರೀಕ್ಷೆ ಇಂದಿಗೂ ಇಲ್ಲ. ನಾವು ರಕ್ತ ತೆಗೆಯುವುದು, ಸ್ಕ್ಯಾನ್ ಮಾಡಿಸುವುದು ಬಹುಮಟ್ಟಿಗೆ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕಾಗಿ. ಮಿಕ್ಕಂತೆ ನಿರ್ಣಯ ನಿಂತಿರುವುದು ನಾಲ್ಕು ವಿಷಯಗಳ ಮೇಲೆ: ಯಾವ ಯಾವ ಲಕ್ಷಣಗಳು ಒಟ್ಟಾಗಿ ಬಂದಿವೆ, ಅವು ಎಷ್ಟು ಕಾಲದಿಂದ ಇವೆ, ಅವುಗಳಿಂದ ಆ ವ್ಯಕ್ತಿಯ ಕೆಲಸ, ಸಂಬಂಧ, ದಿನಚರಿ ಎಷ್ಟು ಕೆಟ್ಟಿವೆ, ಮತ್ತು ದೇಹದ ರೋಗವಾಗಲಿ ಮದ್ಯವಾಗಲಿ ಬೇರೆ ಔಷಧವಾಗಲಿ ಇದೇ ಚಿತ್ರವನ್ನು ಉಂಟುಮಾಡಿರಬಹುದೇ. ಒಂಟಿ ಲಕ್ಷಣಕ್ಕೆ ಇಲ್ಲಿ ಬೆಲೆ ಕಡಿಮೆ. ನಿದ್ದೆ ಬಾರದಿರುವುದು ಖಿನ್ನತೆಯಲ್ಲೂ ಇದೆ, ಉನ್ಮಾದದಲ್ಲೂ ಇದೆ, ಆತಂಕದಲ್ಲೂ ಇದೆ, ಕುಡಿತ ಬಿಟ್ಟ ಮೂರನೆಯ ದಿನವೂ ಇದೆ. ಖಿನ್ನತೆಯವನು ನಿದ್ದೆಗೆಟ್ಟು ಬಳಲುತ್ತಾನೆ. ಉನ್ಮಾದದವನಿಗೆ ಎರಡು ಗಂಟೆ ಮಲಗಿ ಎದ್ದರೂ ಆಯಾಸವೇ ಇರುವುದಿಲ್ಲ. ಹಾಗಾಗಿ ‘ನಿದ್ದೆ ಇಲ್ಲ’ ಎಂದು ಹೇಳುವುದಕ್ಕಿಂತ ‘ನಿದ್ದೆ ಬೇಕೆಂದೇ ಅನ್ನಿಸುತ್ತಿಲ್ಲ’ ಎಂದು ನೀವು ವೈದ್ಯರಿಗೆ ತಿಳಿಸಿದರೆ, ಅರ್ಧ ದಾರಿ ತೋರಿಸಿದಂತೆಯೇ.

ಇನ್ನು ಚೀಟಿಯ ಮೇಲಿನ ‘ಎಫ್’. ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ರೋಗಗಳಿಗೂ ಒಂದು ಪಟ್ಟಿಯನ್ನು ಕಾಪಾಡಿಕೊಂಡು ಬಂದಿದೆ. ಅದನ್ನು ಐಸಿಡಿ ಎನ್ನುತ್ತಾರೆ. 1948ರ ಆರನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಮನೋರೋಗಗಳಿಗೆ ಪ್ರತ್ಯೇಕ ವಿಭಾಗ ಸೇರಿತು. 1990ರಲ್ಲಿ ಒಪ್ಪಿಗೆ ಪಡೆದ ಹತ್ತನೆಯ ಆವೃತ್ತಿಯಲ್ಲಿ ಮನೋರೋಗಗಳ ಅಧ್ಯಾಯಕ್ಕೆ ಎಫ್ ಅಕ್ಷರ ಬಂತು, ಮತ್ತು ಅದರ ಮುಂದಿನ ಮೊದಲ ಅಂಕಿ ದೊಡ್ಡ ಗುಂಪನ್ನು ಸೂಚಿಸುತ್ತದೆ: ಸೊನ್ನೆ ಎಂದರೆ ಮಿದುಳಿನ ಅಥವಾ ದೇಹದ ರೋಗದಿಂದ ಬಂದವು, ಒಂದು ಎಂದರೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬಂದವು, ಎರಡು ಎಂದರೆ ಸ್ಕಿಜೋಫ್ರೀನಿಯಾ ಮತ್ತು ಅದರ ಬಳಗ, ಮೂರು ಎಂದರೆ ಭಾವಸ್ಥಿತಿಯ ರೋಗಗಳು, ನಾಲ್ಕು ಎಂದರೆ ಆತಂಕ, ಗೀಳು, ಒತ್ತಡ ಸಂಬಂಧಿ ತೊಂದರೆಗಳು. ಐದರಿಂದ ಒಂಬತ್ತರವರೆಗೆ ಆಹಾರ, ನಿದ್ದೆಗಳ ತೊಂದರೆಗಳಿಂದ ಮೊದಲ್ಗೊಂಡು ವ್ಯಕ್ತಿತ್ವ, ಬುದ್ಧಿಶಕ್ತಿ, ಬೆಳವಣಿಗೆ ಮತ್ತು ಮಕ್ಕಳ ನಡವಳಿಕೆಯವರೆಗಿನ ಸಮಸ್ಯೆಗಳು ಬರುತ್ತವೆ. ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ ಅನೇಕ ಆಸ್ಪತ್ರೆಗಳ ಚೀಟಿಗಳಲ್ಲಿ ಇನ್ನೂ ಎಫ್ ಸಂಖ್ಯೆಗಳೇ ಕಾಣುತ್ತವೆ. ನಿಮ್ಮ ತಮ್ಮನ ಎರಡೂ ಚೀಟಿಗಳಲ್ಲಿ ಮೊದಲ ಅಂಕಿ ಮೂರೇ ಎಂಬುದನ್ನು ಗಮನಿಸಿ. ಅವನು ಒಂದು ಮನೆಯಿಂದ ಬೇರೊಂದು ಮನೆಗೆ ಹೋಗಿಲ್ಲ. ಅದೇ ಮನೆಯ ಬೇರೆ ಕೋಣೆಯಲ್ಲಿದ್ದಾನೆ.

ಇಷ್ಟೊಂದು ಅಂಕಿಗಳ ಗೊಡವೆ ಏಕೆ ಎಂದು ಕೇಳಬಹುದು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ಮನೋರೋಗ ಆಸ್ಪತ್ರೆಗಳಲ್ಲಿ ಒಂದು ಹೋಲಿಕೆಯ ಅಧ್ಯಯನ ನಡೆಯಿತು. ನ್ಯೂಯಾರ್ಕಿನಲ್ಲಿ ಸ್ಕಿಜೋಫ್ರೀನಿಯಾ ಬಹಳ ಹೆಚ್ಚು, ಲಂಡನ್ನಿನಲ್ಲಿ ಉನ್ಮಾದ-ಖಿನ್ನತೆ ಹೆಚ್ಚು ಎಂದು ದಾಖಲೆಗಳು ಹೇಳುತ್ತಿದ್ದವು. ಒಂದೇ ಬಗೆಯ ಪ್ರಶ್ನಾವಳಿ ಹಿಡಿದು ರೋಗಿಗಳನ್ನು ಪರೀಕ್ಷಿಸಿದಾಗ ಆ ವ್ಯತ್ಯಾಸದ ಬಹುಪಾಲು ಕರಗಿಹೋಯಿತು. ಭಿನ್ನವಾಗಿದ್ದದ್ದು ರೋಗಿಗಳಲ್ಲ, ವೈದ್ಯರ ಅಭ್ಯಾಸ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಹೊರತಂದ ಡಿಎಸ್‌ಎಂ ಎಂಬ ಮನೋರೋಗಗಳ ಕೈಪಿಡಿಯ ಮೂರನೆಯ ಆವೃತ್ತಿಯಿಂದಾಚೆಗೆ, ಇಷ್ಟು ಲಕ್ಷಣ, ಇಷ್ಟು ದಿನ ಎಂಬ ಸ್ಪಷ್ಟ ಅಳತೆಗಳು ಬಂದದ್ದು ಇಂಥ ಅನುಭವಗಳ ಬಳಿಕ. ಈ ಅಳತೆಗಳು ಪರಿಪೂರ್ಣವಲ್ಲ. ಆದರೂ ಮಣಿಪಾಲದಲ್ಲಿ ಬರೆದ ಚೀಟಿಯನ್ನು ದುಬೈಯಲ್ಲಿ ಕುಳಿತ ವೈದ್ಯರು ಓದಿ ಅರ್ಥಮಾಡಿಕೊಳ್ಳುವುದು ಸಾಧ್ಯವಾಗಿರುವುದು ಅವುಗಳಿಂದಲೇ, ಮತ್ತು ನಮ್ಮ ಜಿಲ್ಲೆಗಳ ಎಷ್ಟು ಮನೆಗಳಿಗೆ ಅದು ಅಗತ್ಯವೆಂದು ನಿಮಗೆ ಗೊತ್ತು.

ಗುಂಪುಗಳನ್ನು ನೋಡುವಾಗ ನಾವು ಮೇಲಿನಿಂದ ಕೆಳಕ್ಕೆ ಇಳಿಯುತ್ತೇವೆ. ದೇಹದ ಕಾರಣವನ್ನು ಮೊದಲು ಹುಡುಕುತ್ತೇವೆ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ಮನೆಯಲ್ಲಿ ವಯಸ್ಸಾದವರಷ್ಟೇ ಉಳಿದಿರುವ ಕರಾವಳಿಯಲ್ಲಿ ಇದು ನಿತ್ಯದ ಪ್ರಶ್ನೆ. ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜಿ ಇಂದು ಸಂಜೆ ದಿಕ್ಕು ದೆಸೆ ತಿಳಿಯದೆ, ಗೋಡೆಯ ಮೇಲೆ ಹುಳುಗಳಿವೆ ಎನ್ನುತ್ತ, ಒಂದು ಗಳಿಗೆ ಎಚ್ಚರ ಒಂದು ಗಳಿಗೆ ಮಂಪರಿನಲ್ಲಿದ್ದರೆ, ಅದು ಹುಚ್ಚೂ ಅಲ್ಲ, ಅರಳುಮರಳೂ ಅಲ್ಲ, ಡೆಲಿರಿಯಂ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸದಾಗಿ ಆರಂಭಿಸಿದ ಮಾತ್ರೆ, ಇವುಗಳಲ್ಲೊಂದು ಕಾರಣವಾಗಿರಬಹುದು, ಮತ್ತು ಅದು ತುರ್ತು ಪರಿಸ್ಥಿತಿ. ಡೆಲಿರಿಯಂ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ, ದಿನದೊಳಗೇ ಏರಿಳಿಯುತ್ತದೆ. ಮರೆಗುಳಿತನ, ಅಂದರೆ ಡಿಮೆನ್ಷಿಯಾ, ತಿಂಗಳು ವರ್ಷಗಳಲ್ಲಿ ಮೆಲ್ಲನೆ ಬರುತ್ತದೆ. ಎಚ್ಚರ ಸರಿಯಾಗಿಯೇ ಇದ್ದು, ಇತ್ತೀಚಿನ ಸಂಗತಿಗಳು ಮೊದಲು ಮರೆಯಾಗಿ, ಬಳಿಕ ದಾರಿ, ಹಣದ ಲೆಕ್ಕ, ಅಡುಗೆಯ ಕ್ರಮಗಳೂ ತಪ್ಪುತ್ತವೆ. ವೃದ್ಧಾಪ್ಯದ ಖಿನ್ನತೆ ಈ ಎರಡರ ನಡುವೆ ಅಡಗಿ ಕೂರುತ್ತದೆ. ಕೇಳಿದ್ದಕ್ಕೆಲ್ಲ ‘ನನಗೆ ಗೊತ್ತಿಲ್ಲ, ನೆನಪಿಲ್ಲ’ ಎಂದು ಉತ್ತರಿಸುವವರಲ್ಲಿ ಕೆಲವರಿಗೆ ಇರುವುದು ಮರೆವಲ್ಲ, ಉತ್ತರಿಸುವ ಉತ್ಸಾಹವೇ ಬತ್ತಿರುವುದು. ಥೈರಾಯ್ಡ್ ಗ್ರಂಥಿಯ ಮಂದಗತಿ, ಬಿ12 ಜೀವಸತ್ವದ ಕೊರತೆ ಖಿನ್ನತೆಯನ್ನೂ ಮರೆವನ್ನೂ ಹೋಲುವುದರಿಂದ ಆ ಪರೀಕ್ಷೆಗಳನ್ನು ಬರೆದುಕೊಡುತ್ತೇವೆ. ಅದನ್ನು ಅನಗತ್ಯ ಖರ್ಚೆಂದು ತಿಳಿಯಬೇಡಿ.

ಮದ್ಯದ ಗುಂಪಿನಲ್ಲಿ ಕುಡಿತದ ಪ್ರಮಾಣವೊಂದೇ ಗುರುತಲ್ಲ. ಕುಡಿತದ ಮೇಲೆ ಹಿಡಿತ ತಪ್ಪುವುದು, ಬದುಕಿನ ಬೇರೆಲ್ಲಕ್ಕಿಂತ ಅದೇ ಮೊದಲಾಗುವುದು, ದೇಹ ಅದಕ್ಕೆ ಒಗ್ಗಿಹೋಗಿ ಬಿಟ್ಟರೆ ನಡುಕ, ಬೆವರು, ನಿದ್ರಾಹೀನತೆ ಬರುವುದು, ಈ ಮೂರರಲ್ಲಿ ಎರಡಿದ್ದರೆ ಹನ್ನೊಂದನೆಯ ಐಸಿಡಿ ಅದನ್ನು ಅವಲಂಬನೆ ಎನ್ನುತ್ತದೆ. ಪ್ರತಿದಿನ ಕುಡಿಯುತ್ತಿದ್ದವರು ಕಾಲು ಮುರಿದು ಆಸ್ಪತ್ರೆ ಸೇರಿದ ಎರಡು ಮೂರು ದಿನಗಳಲ್ಲಿ ಗಾಬರಿಗೊಂಡು, ಇಲ್ಲದವರೊಡನೆ ಮಾತಾಡುತ್ತ, ಹಾಸಿಗೆಯಿಂದೆದ್ದು ಓಡಲು ಯತ್ನಿಸುವುದುಂಟು. ಮನೆಯವರು ನಾಚಿಕೆಯಿಂದ ಕುಡಿತದ ಸಂಗತಿಯನ್ನು ಮುಚ್ಚಿಟ್ಟಿರುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ, ಆ ಸ್ಥಿತಿಯಲ್ಲಿ ಪ್ರಾಣ ಹೋಗಬಹುದು, ಮತ್ತು ಮುಂಚೆಯೇ ತಿಳಿದಿದ್ದರೆ ತಡೆಯಬಹುದು. ನಿಮ್ಮ ತಮ್ಮನ ವಿಷಯದಲ್ಲೂ ಗಾಂಜಾ ಮುಂತಾದವುಗಳ ಬಗ್ಗೆ ವೈದ್ಯರು ಕೇಳಿಯೇ ಇರುತ್ತಾರೆ. ಅದು ಅವಮಾನಿಸುವ ಪ್ರಶ್ನೆಯಲ್ಲ.

ಎರಡು ಎಂಬ ಅಂಕಿಯ ಗುಂಪಿಗೆ, ಅಂದರೆ ಸ್ಕಿಜೋಫ್ರೀನಿಯಾದ ಬಳಗಕ್ಕೆ, ಬರುವ ಮುನ್ನ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ಭ್ರಮೆ ಎಂದು ನಾನಿಲ್ಲಿ ಕರೆಯುವುದು, ಎದುರಿಗೆ ಎಷ್ಟೇ ಪುರಾವೆ ಇಟ್ಟರೂ ಕದಲದ, ಆ ವ್ಯಕ್ತಿಯ ಮನೆಯವರಾಗಲಿ ಸಮುದಾಯವಾಗಲಿ ಹಂಚಿಕೊಳ್ಳದ ಸುಳ್ಳು ನಂಬಿಕೆಯನ್ನು; ಭ್ರಾಂತಿ ಎನ್ನುವುದು, ಹೊರಗೆ ಏನೂ ಇಲ್ಲದಿರುವಾಗಲೂ ದನಿ ಕೇಳುವ, ಆಕೃತಿ ಕಾಣುವ ಅನುಭವವನ್ನು. ಇವು ಯಾವ ಒಂದು ರೋಗದ ಸ್ವತ್ತೂ ಅಲ್ಲ. ಸ್ಕಿಜೋಫ್ರೀನಿಯಾದಲ್ಲಿ ಇವುಗಳ ಜತೆಗೆ ಮಾತಿನ ಕೊಂಡಿ ಕಳಚುವುದು, ತನ್ನ ಯೋಚನೆಗಳನ್ನು ಯಾರೋ ಹೊರಗಿನಿಂದ ತುರುಕುತ್ತಿದ್ದಾರೆ, ತನ್ನ ಕೈಕಾಲುಗಳನ್ನು ಯಾರೋ ಆಡಿಸುತ್ತಿದ್ದಾರೆ ಎಂಬ ಅನುಭವ, ಹಾಗೂ ಬಹಳ ಮನೆಗಳಲ್ಲಿ ‘ಸೋಮಾರಿತನ’ ಎಂದು ಬೈಸಿಕೊಳ್ಳುವ ಭಾವಶೂನ್ಯತೆ ಮತ್ತು ನಿರುತ್ಸಾಹಗಳು ಸೇರುತ್ತವೆ. ಐಸಿಡಿಯ ಪ್ರಕಾರ ಇಂಥ ಲಕ್ಷಣಗಳು ಕನಿಷ್ಠ ಒಂದು ತಿಂಗಳು ಇರಬೇಕು. ಡಿಎಸ್‌ಎಂ ಪ್ರಕಾರ ತೊಂದರೆಯ ಒಟ್ಟು ಅವಧಿ ಆರು ತಿಂಗಳಾಗಿರಬೇಕು. ಕೆಲವೇ ದಿನಗಳಲ್ಲಿ ಭುಗಿಲೆದ್ದು ಕೆಲವೇ ವಾರಗಳಲ್ಲಿ ಪೂರ್ತಿ ಇಳಿದುಹೋಗುವ ಅಲ್ಪಾವಧಿಯ ಚಿತ್ತವಿಕಲತೆಯೂ ಇದೆ; ಅದಕ್ಕೆ ಎಫ್ 23 ಎಂಬ ಬೇರೆಯ ಸಂಖ್ಯೆ. ಸ್ಕಿಜೋಫ್ರೀನಿಯಾ ಎಂದರೆ ಒಬ್ಬನೊಳಗೆ ಇಬ್ಬರಿರುವುದು ಎಂಬ, ಸಿನಿಮಾಗಳಿಂದ ಹಬ್ಬಿದ ತಿಳಿವಳಿಕೆ ಪೂರ್ತಿ ತಪ್ಪು.

ನಿಮ್ಮ ಪತ್ರದ ನಾಗದೇವರ ಮಾತು ಇಲ್ಲಿಗೆ ಸೇರುತ್ತದೆ. ಜರ್ಮನಿಯ ಕಾರ್ಲ್ ಯಾಸ್ಪರ್ಸ್ 1913ರಲ್ಲಿ ಮನೋರೋಗ ಲಕ್ಷಣಗಳ ಕುರಿತು ಬರೆದಾಗ, ಲಕ್ಷಣದ ವಸ್ತು ಬೇರೆ, ಅದರ ರೂಪ ಬೇರೆ ಎಂದು ವಿವರಿಸಿದ. ವಸ್ತು ಬರುವುದು ಊರಿನಿಂದ, ಮನೆಯಿಂದ, ಕಾಲದಿಂದ. ರೋಗವನ್ನು ತಿಳಿಸುವುದು ರೂಪ. ತುಳುನಾಡಿನ ಯುವಕನ ಭ್ರಮೆಯಲ್ಲಿ ನಾಗ ಬಂದರೆ, ಬೇರೊಂದು ಊರಿನವನ ಭ್ರಮೆಯಲ್ಲಿ ಗುಪ್ತಚರರು ಬಂದಾರು. ನಾಗನನ್ನು ನಂಬುವುದು ಲಕ್ಷಣವಲ್ಲ. ನಾಗನ ಬನಕ್ಕೆ ಹಾಲಿನ ತನು ಎರೆಯುವ, ಆಶ್ಲೇಷಾ ಬಲಿಯ ಪೂಜೆ ಮಾಡಿಸುವ ಲಕ್ಷಾಂತರ ಜನ ಆರೋಗ್ಯವಂತರು. ನಿಮ್ಮ ಮನೆಯವರೇ ನಾಗನನ್ನು ನಂಬುವವರು, ಆದರೂ ಅವನ ಮಾತು ಕೇಳಿ ‘ಇದು ಸರಿಯಿಲ್ಲ’ ಎಂದು ನಿಮಗೆಲ್ಲ ಅನ್ನಿಸಿತಲ್ಲವೇ? ಇಡೀ ಜಿಲ್ಲೆಯನ್ನು ತಾನೊಬ್ಬನೇ ಕಾಯಬೇಕು ಎಂಬ ಹಿರಿಮೆ, ಪ್ರಶ್ನಿಸಿದರೆ ಸಿಟ್ಟು, ಅದೇ ಹೊತ್ತಿಗೆ ಆರಂಭವಾದ ನಿದ್ರೆಯಿಲ್ಲದ ಹುರುಪು, ಇವು ಅವನ ನಂಬಿಕೆಯನ್ನು ಊರಿನ ನಂಬಿಕೆಯಿಂದ ಬೇರ್ಪಡಿಸಿದವು. ಆ ಬೇರ್ಪಡೆಯನ್ನು ನೀವು ಯಾವ ಪುಸ್ತಕವನ್ನೂ ಓದದೆಯೇ ಗುರುತಿಸಿದ್ದೀರಿ.

ಹಾಗಾದರೆ ಇದನ್ನು ಸ್ಕಿಜೋಫ್ರೀನಿಯಾ ಎನ್ನದೆ ಬೈಪೋಲಾರ್ ಎಂದದ್ದು ಏಕೆ? ಈ ಎರಡನ್ನು ಬೇರ್ಪಡಿಸಿದ ಕೀರ್ತಿ ಎಮಿಲ್ ಕ್ರೆಪೆಲಿನ್ ಎಂಬ ಜರ್ಮನ್ ವೈದ್ಯನದು. ಅವನು ಒಬ್ಬೊಬ್ಬ ರೋಗಿಗೂ ಒಂದೊಂದು ಕಾರ್ಡ್ ಇಟ್ಟು, ಸೇರಿಸಿದ ದಿನದ ಲಕ್ಷಣಗಳನ್ನಷ್ಟೇ ಅಲ್ಲದೆ ವರ್ಷಗಳ ಬಳಿಕ ಆ ರೋಗಿ ಏನಾದನೆಂಬುದನ್ನೂ ದಾಖಲಿಸುತ್ತಿದ್ದ. 1899ರಲ್ಲಿ ತನ್ನ ಪಠ್ಯದ ಆರನೆಯ ಆವೃತ್ತಿಯಲ್ಲಿ, ಕ್ರಮೇಣ ಕುಸಿಯುತ್ತ ಹೋಗುವ ರೋಗವನ್ನು ಒಂದೆಡೆ, ಎಪಿಸೋಡುಗಳಾಗಿ ಬಂದು ನಡುವೆ ಮನುಷ್ಯನನ್ನು ಮೊದಲಿನಂತೆ ಮಾಡಿ ಹೋಗುವ ಉನ್ಮಾದ-ಖಿನ್ನತೆಯನ್ನು ಇನ್ನೊಂದೆಡೆ ಇಟ್ಟ. ಮೊದಲಿನದಕ್ಕೆ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ 1908ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೆಸರು ಕೊಟ್ಟು, ಎಲ್ಲರೂ ಕುಸಿಯುವುದಿಲ್ಲ ಎಂದು ತಿದ್ದಿದ. ಒಂದು ಶತಮಾನ ಕಳೆದರೂ ನಾವು ಮನೆಯವರನ್ನು ‘ನಡುವಿನ ತಿಂಗಳುಗಳಲ್ಲಿ ಹೇಗಿದ್ದ?’ ಎಂದು ಕೇಳುವುದು ಅದೇ ಕಾರಣಕ್ಕೆ. ನಿಮ್ಮ ತಮ್ಮ ನಡುವೆ ಸುಧಾರಿಸಿಕೊಂಡಿದ್ದ ಎಂದು ನೀವು ಬರೆದಿರುವುದು ಬಹಳ ಮುಖ್ಯವಾದ ಮಾಹಿತಿ.

ಖಿನ್ನತೆಯ ಅಳತೆ ಹೀಗಿದೆ. ದಿನದ ಬಹುಪಾಲು, ಬಹುತೇಕ ಪ್ರತಿದಿನ, ಕನಿಷ್ಠ ಎರಡು ವಾರ ಮನಸ್ಸು ಕುಗ್ಗಿರಬೇಕು ಅಥವಾ ಹಿಂದೆ ಹಿತವೆನಿಸುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿದಿರಬಾರದು. ಇವೆರಡರಲ್ಲಿ ಒಂದಾದರೂ ಇದ್ದು, ಏಕಾಗ್ರತೆ ಕುಂದುವುದು, ತಾನು ನಿಷ್ಪ್ರಯೋಜಕ ಎಂಬ ಭಾವ, ಅತಿಯಾದ ತಪ್ಪಿತಸ್ಥ ಭಾವ, ಮುಂದೆ ಏನೂ ಇಲ್ಲವೆಂಬ ನಿರಾಶೆ, ಸಾವಿನ ಯೋಚನೆ, ನಿದ್ದೆ ಮತ್ತು ಹಸಿವಿನ ಏರುಪೇರು, ನಡೆನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ಸುಸ್ತು, ಇವುಗಳೆಲ್ಲ ಸೇರಿ ಒಟ್ಟು ಐದಾದರೂ ಇರಬೇಕು. ನಮ್ಮ ಹೊರರೋಗಿ ವಿಭಾಗದಲ್ಲಿ ಮಾತ್ರ ಯಾರೂ ‘ನನಗೆ ಬೇಸರ’ ಎಂದು ಬಂದು ಕೂರುವುದಿಲ್ಲ. ಬೀಡಿ ಕಟ್ಟುವ ತಾಯಿ ತಲೆಭಾರ, ಮೈಕೈ ನೋವು, ಗ್ಯಾಸ್ ಎಂದು ಎರಡು ವರ್ಷ ಬೇರೆ ಬೇರೆ ವೈದ್ಯರನ್ನು ಕಂಡು, ಕೊನೆಗೆ ಬಂದಾಗ, ‘ಅಮ್ಮಾ, ಮೊಮ್ಮಗುವನ್ನು ಎತ್ತಿಕೊಂಡರೆ ಸಂತೋಷವಾಗುತ್ತದೆಯೇ?’ ಎಂಬ ಪ್ರಶ್ನೆಗೆ ಕಣ್ಣು ತುಂಬಿಕೊಳ್ಳುತ್ತಾರೆ. ಸಾವಿನ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ್ದನ್ನು ನೆನಪಿಸಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಕೇಳಬೇಕು, ಸ್ಪಷ್ಟವಾಗಿಯೇ ಕೇಳಬೇಕು. ಹೆಚ್ಚಿನವರಿಗೆ ಅದನ್ನು ಹೇಳಿಕೊಳ್ಳುವುದೇ ಒಂದು ಬಿಡುಗಡೆ.

ಉನ್ಮಾದ ಇದರ ತಿರುವುಮುರುವು ಮಾತ್ರವಲ್ಲ. ಮನಸ್ಸು ಅತಿಯಾಗಿ ಉಬ್ಬಿರುವುದು ಅಥವಾ ಕೆರಳಿರುವುದು, ಜತೆಗೆ ದೇಹದ ಚಟುವಟಿಕೆ ಮತ್ತು ಶಕ್ತಿ ಏರಿರುವುದು, ಎರಡೂ ಒಟ್ಟಿಗೆ ಕನಿಷ್ಠ ಒಂದು ವಾರ ಇರಬೇಕು. ಮಾತಿನ ಭರಾಟೆ, ಒಂದರಿಂದ ಒಂದಕ್ಕೆ ಹಾರುವ ಯೋಚನೆ, ತಾನು ಮಹಾನ್ ಎಂಬ ಭಾವ, ನಿದ್ದೆಯ ಅಗತ್ಯವೇ ಕಡಿಮೆಯಾಗುವುದು, ಹಣ, ವಾಹನ, ಸಂಬಂಧಗಳಲ್ಲಿ ಮುಂದೆ ಹಿಂದೆ ನೋಡದ ಸಾಹಸ ಸೇರಿಕೊಳ್ಳುತ್ತವೆ. ಸೊಸೈಟಿಯ ಠೇವಣಿಯನ್ನು ಅವನು ದುಷ್ಟತನದಿಂದ ತೆಗೆಸಿದ್ದಲ್ಲ. ಹಾಗೆಂದು ತಾಯಿಯವರಿಗೆ ದಯವಿಟ್ಟು ಹೇಳಿ. ಹತ್ತನೆಯ ಐಸಿಡಿಯಲ್ಲಿ ಉನ್ಮಾದ ಒಂದೇ ಬಾರಿ ಬಂದಿದ್ದರೆ ಎಫ್ 30. ಹಿಂದೆ ಖಿನ್ನತೆಯೂ ಬಂದಿದ್ದರೆ ಎಫ್ 31. ಕೊನೆಯ ‘.2’ ಎಂಬುದು, ಈಗಿರುವುದು ಭ್ರಮೆ ಅಥವಾ ಭ್ರಾಂತಿಗಳೊಡಗೂಡಿದ ಉನ್ಮಾದ ಎಂದು ತಿಳಿಸುತ್ತದೆ. ಅವನ ಭ್ರಮೆ ಉಬ್ಬಿದ ಮನಸ್ಸಿಗೆ ಹೊಂದುವಂಥದ್ದು, ಮನಸ್ಸು ಇಳಿದಂತೆ ಅದೂ ಇಳಿಯಬೇಕು. ಮನಸ್ಸು ಪೂರ್ತಿ ಸಮಸ್ಥಿತಿಗೆ ಬಂದ ವಾರಗಳ ಬಳಿಕವೂ ಭ್ರಮೆ ಹಾಗೆಯೇ ನಿಂತರೆ ವೈದ್ಯರು ಸ್ಕಿಜೋಫ್ರೀನಿಯಾದ ಗುಂಪಿನತ್ತ ಮತ್ತೆ ನೋಡುತ್ತಾರೆ, ಮತ್ತು ಆಗ ಹೆಸರು ಇನ್ನೊಮ್ಮೆ ಬದಲಾಗಬಹುದು. ಅದೂ ಕೂಡ ಹೊಸ ಸಂಗತಿ ತಿಳಿದುಬಂದದ್ದರ ಫಲವೇ.

ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ. ವರ್ಗೀಕರಣದ ನಿಜವಾದ ಉಪಯೋಗ ಅಲ್ಲಿದೆ. ಖಿನ್ನತೆಗೆ ಕೊಡುವ ಮಾತ್ರೆಯನ್ನೊಂದೇ ಬೈಪೋಲಾರ್ ಇರುವವರಿಗೆ ಕೊಟ್ಟರೆ ಮನಸ್ಸು ಉನ್ಮಾದದತ್ತ ಜಿಗಿಯಬಹುದು. ಆದ್ದರಿಂದ ಮುಂದೆಂದಾದರೂ ಅವನು ಮಂಕಾಗಿ ಮಲಗಿದರೆ, ಮನೆಯಲ್ಲಿ ಉಳಿದ ಹಳೆಯ ಮಾತ್ರೆಯನ್ನು ನೀವಾಗಿಯೇ ಮತ್ತೆ ಆರಂಭಿಸಬೇಡಿ. ಹೊಸ ವೈದ್ಯರ ಬಳಿ ಹೋದರೆ ಎರಡೂ ಚೀಟಿಗಳನ್ನು ಒಯ್ಯಿರಿ.

ನೀವು ಕೇಳಿದ ದೊಡ್ಡದು ಸಣ್ಣದು ಎಂಬ ಭೇದ ಹಳೆಯ ಪುಸ್ತಕಗಳಲ್ಲಿ ಇತ್ತು. ವಾಸ್ತವದ ಅರಿವು ತಪ್ಪುವ ರೋಗಗಳು ಒಂದು ಕಡೆ, ಅರಿವಿದ್ದೂ ನರಳುವ ಮನೋಬೇನೆಗಳು ಇನ್ನೊಂದು ಕಡೆ. ಈ ಗೆರೆ ಈಗ ವರ್ಗೀಕರಣದ ಆಧಾರವಾಗಿ ಉಳಿದಿಲ್ಲ, ಮತ್ತು ಉಳಿಯದಿದ್ದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ‘ಸಣ್ಣ’ ಎನಿಸಿಕೊಂಡ ಗೀಳು ರೋಗ ಒಂದು ಮನೆಯನ್ನು ಹೇಗೆ ಕಟ್ಟಿಹಾಕುತ್ತದೆಂದು ನೋಡಿದವರಿಗೆ ಆ ಪದ ಬಾಯಿಗೆ ಬಾರದು. ಮಡಿ ಮಾಡುವವರು ಮಿಂದು, ಒದ್ದೆ ಪಂಚೆಯುಟ್ಟು, ಕೆಲಸ ಮುಗಿಸಿ ನೆಮ್ಮದಿಯಾಗಿರುತ್ತಾರೆ. ಗೀಳಿನವರಿಗೆ ನೆಮ್ಮದಿ ಸಿಗುವುದೇ ಇಲ್ಲ. ಮುಟ್ಟಿದೆನೋ ಏನೋ ಎಂಬ ಯೋಚನೆ ತಾನಾಗಿ ನುಗ್ಗುತ್ತದೆ, ಅದು ಅತಿಯೆಂದು ಬಹಳ ಮಂದಿಗೆ ಗೊತ್ತಿರುತ್ತದೆ, ತಡೆದರೆ ತಳಮಳ ಏರುತ್ತದೆ, ತೊಳೆದರೆ ಒಂದು ಗಳಿಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲವನ್ನು ಇದು ತಿನ್ನುತ್ತಿದ್ದರೆ, ಅಥವಾ ಬದುಕನ್ನು ಕೆಡಿಸುತ್ತಿದ್ದರೆ, ಅದು ರೋಗ. ದೇವರ ಕುರಿತೇ ಕೆಟ್ಟ ಯೋಚನೆಗಳು ನುಗ್ಗಿ, ಯಾರಿಗೂ ಹೇಳಲಾರದೆ ವರ್ಷಗಟ್ಟಲೆ ಬೆಂದವರನ್ನು ಕಂಡಿದ್ದೇನೆ. ಆ ಯೋಚನೆಗಳು ಅವರ ಇಚ್ಛೆಯಲ್ಲ, ಚಿಕಿತ್ಸೆಯಿದೆ ಎಂಬ ಎರಡು ಮಾತು ಅವರಿಗೆ ಬೇಗ ತಲುಪಬೇಕಿತ್ತು.

ಆತಂಕದ ರೋಗಗಳಲ್ಲಿ ಮುಖ್ಯವಾದವು ಎರಡು ಮೂರು. ಎಲ್ಲದರ ಬಗ್ಗೆಯೂ ಹಿಡಿತ ಮೀರಿದ ಚಿಂತೆ, ಬಿಗಿದ ಸ್ನಾಯು, ಕಿರಿಕಿರಿ, ತಿಂಗಳುಗಟ್ಟಲೆ ಮುಂದುವರಿದರೆ ಸಾಮಾನ್ಯೀಕೃತ ಆತಂಕ. ಯಾವ ಸುಳಿವೂ ಇಲ್ಲದೆ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಈಗಲೇ ಸಾಯುತ್ತೇನೆಂಬ ಭಯ ನಿಮಿಷಗಳಲ್ಲಿ ಏರಿ ಇಳಿಯುವುದು, ಮತ್ತು ಅದು ಮತ್ತೆ ಬಂದೀತೆಂಬ ಹೆದರಿಕೆಯಿಂದ ಬಸ್ಸು, ಜಾತ್ರೆ ಎಲ್ಲವನ್ನೂ ಬಿಡುವುದು ಪ್ಯಾನಿಕ್ ಕಾಯಿಲೆ. ಇವರ ಇಸಿಜಿ ಹತ್ತು ಬಾರಿ ಸರಿಯಿದ್ದರೂ ‘ಏನೂ ಇಲ್ಲ, ಹೋಗಿ’ ಎಂದು ಕಳಿಸುವುದು ಅನ್ಯಾಯ. ಅವರಿಗೆ ಇರುವುದಕ್ಕೆ ಹೆಸರಿದೆ. ಜೀವಭಯದ ಘಟನೆಯೊಂದರ ಬಳಿಕ ಅದು ಈಗಲೇ ನಡೆಯುತ್ತಿರುವಂತೆ ಮರಳಿ ಮರಳಿ ಅನುಭವಕ್ಕೆ ಬರುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಸರಿಯುವುದು, ಸದಾ ಅಪಾಯವಿದೆಯೆಂಬ ಬೆಚ್ಚಿಬೀಳುವಿಕೆ, ಈ ಮೂರು ಕೆಲವು ವಾರಗಳಾದರೂ ಇದ್ದರೆ ಆಘಾತೋತ್ತರ ಒತ್ತಡದ ಕಾಯಿಲೆ.

ಮೈಮೇಲೆ ಬರುವುದರ ಬಗ್ಗೆ ನಮ್ಮ ಊರುಗಳಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ಹನ್ನೊಂದನೆಯ ಐಸಿಡಿಯಲ್ಲಿ ಆವೇಶದ ಕಾಯಿಲೆ ಎಂಬುದೊಂದಿದೆ. ಆದರೆ ಸಮುದಾಯ ಒಪ್ಪಿಕೊಂಡ ಸಾಂಸ್ಕೃತಿಕ ಅಥವಾ ಧಾರ್ಮಿಕ ಆಚರಣೆಯ ಭಾಗವಾಗಿ ಬರುವ ಆವೇಶವನ್ನು ಅದು ಸ್ಪಷ್ಟವಾಗಿ ಹೊರಗಿಡುತ್ತದೆ. ಕೋಲದಲ್ಲಿ ದೈವದ ಪಾತ್ರಿ, ನಾಗದರ್ಶನದ ಪಾತ್ರಿ, ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಕಟ್ಟಳೆಯೊಳಗೆ ದರ್ಶನಕ್ಕೆ ಒಳಗಾಗಿ, ಮುಗಿದ ಮೇಲೆ ತನ್ನ ತೋಟಕ್ಕೆ, ಕೆಲಸಕ್ಕೆ ಮರಳುತ್ತಾನೆ. ಅಲ್ಲಿ ರೋಗವಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಅಡುಗೆಮನೆಯಲ್ಲಿ, ಹೊತ್ತುಗೊತ್ತಿಲ್ಲದೆ, ಬೇಡವೆಂದರೂ ಮರುಕಳಿಸಿ, ಅವಳಿಗೂ ಮನೆಗೂ ಸಂಕಟ ತರುವಂತೆ ಆವೇಶ ಬರುತ್ತಿದ್ದರೆ, ಅದು ಹೇಳಲಾರದ ಯಾವುದೋ ನೋವನ್ನು ದೇಹ ಹೇಳುತ್ತಿರುವ ರೀತಿಯಾಗಿರಬಹುದು. ಅವಳನ್ನು ನಾಟಕವಾಡುವವಳೆಂದು ಜರೆಯುವುದೂ ಅವಳಿಗೆ ಪೆಟ್ಟು ಕೊಟ್ಟು ಬಿಡಿಸಲು ಹೋಗುವುದೂ ಎರಡೂ ಕ್ರೌರ್ಯ.

ಉಳಿದ ಗುಂಪುಗಳನ್ನು ಬೇಗ ದಾಟುತ್ತೇನೆ, ಏಕೆಂದರೆ ನಿಮ್ಮ ಮನೆಯ ಪ್ರಶ್ನೆ ಅಲ್ಲಿಲ್ಲ. ಆಟಿಸಂ, ಗಮನದ ಕೊರತೆಯೊಡನೆ ಅತಿ ಚಟುವಟಿಕೆ, ಬೌದ್ಧಿಕ ಬೆಳವಣಿಗೆಯ ಕುಂದು, ಇವು ಬಾಲ್ಯದಿಂದಲೇ ಇರುವ ಬೆಳವಣಿಗೆಯ ಭಿನ್ನತೆಗಳು. ಇದ್ದಕ್ಕಿದ್ದಂತೆ ಬಂದ ರೋಗಗಳಲ್ಲ. ವ್ಯಕ್ತಿತ್ವದ ತೊಂದರೆ ಎಂಬುದು, ತನ್ನನ್ನು ತಾನು ಕಾಣುವ ಮತ್ತು ಇತರರೊಡನೆ ಬಾಳುವ ಬಗೆಯಲ್ಲಿಯೇ ವರ್ಷಗಳಿಂದ ಬೇರೂರಿದ ಕಷ್ಟ; ಒಂದೆರಡು ಭೇಟಿಗಳಲ್ಲಿ, ಅದರಲ್ಲೂ ರೋಗಿ ಉನ್ಮಾದದಲ್ಲಿರುವಾಗ, ಆ ಹೆಸರನ್ನು ಅಂಟಿಸಬಾರದು. ಪಟ್ಟಿಯಿಂದ ಹೊರಬಿದ್ದವೂ ಇವೆ. ಸಲಿಂಗಾಸಕ್ತಿಯನ್ನು ಅಮೆರಿಕದ ಪಟ್ಟಿ 1973ರಲ್ಲಿ, ಐಸಿಡಿ ತನ್ನ ಹತ್ತನೆಯ ಆವೃತ್ತಿಯಲ್ಲಿ ಕೈಬಿಟ್ಟವು. ಅದನ್ನು ‘ಗುಣಪಡಿಸಿ’ ಎಂದು ಇಂದಿಗೂ ಮಕ್ಕಳನ್ನು ಕರೆತರುವ ತಂದೆತಾಯಿಯರಿಗೆ ಹೇಳಲು ನನ್ನ ಬಳಿ ಇರುವುದು ಒಂದೇ ಉತ್ತರ, ಇಲ್ಲಿ ಗುಣಪಡಿಸಬೇಕಾದ್ದು ಏನೂ ಇಲ್ಲ ಎಂದು.

‘ಮರ್ಲ್’ ಎನ್ನುವವರಿಗೆ ಏನು ಹೇಳಬೇಕು? ಆ ಪದಕ್ಕೆ ವೈದ್ಯಕೀಯದಲ್ಲಿ ಯಾವ ಸಂಖ್ಯೆಯೂ ಇಲ್ಲ. ಮೇಲೆ ಹೇಳಿದ ಹತ್ತಾರು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಗೋಣಿಗೆ ತುಂಬುವ ಪದ ಅದು. ಕಾನೂನಿನ ಮಾತೂ ತಿಳಿದಿರಲಿ: 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯ ಪ್ರಕಾರ, ಮನೋರೋಗವಿದೆ ಎಂಬ ನಿರ್ಣಯ ಮಾತ್ರದಿಂದ ಒಬ್ಬನು ಬುದ್ಧಿಸ್ಥಿಮಿತವಿಲ್ಲದವನೆಂದು ಆಗುವುದಿಲ್ಲ, ಹಾಗೆ ಘೋಷಿಸಬಲ್ಲದ್ದು ನ್ಯಾಯಾಲಯವಷ್ಟೇ. ಊರಿನ ರೀತಿನೀತಿಗೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಯಾರಿಗೂ ಮನೋರೋಗಿಯ ಪಟ್ಟ ಕಟ್ಟಲಾಗದು. ಆರೋಗ್ಯ ವಿಮೆಯಲ್ಲಿ ಮನೋರೋಗವನ್ನು ದೇಹದ ರೋಗದಂತೆಯೇ ಪರಿಗಣಿಸಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ನಿಮ್ಮ ಆಸ್ಪತ್ರೆಯ ಬಿಲ್ಲನ್ನು ಎಸೆಯಬೇಡಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 10.6ರಷ್ಟು ಮಂದಿ ಆಗ ಒಂದಲ್ಲ ಒಂದು ಮನೋರೋಗದಿಂದ ಬಳಲುತ್ತಿದ್ದರು. ನಿಮ್ಮ ನೆರೆಹೊರೆಯ ಹತ್ತು ಮಂದಿಯಲ್ಲಿ ಒಬ್ಬರು ಎಂದು ಲೆಕ್ಕ ಹಾಕಿಕೊಳ್ಳಿ.

ಮಾವನವರೊಡನೆ ಜಗಳ ಬೇಡ. ಪ್ರಶ್ನೆ ಇಡಿಸುವುದರಿಂದ, ಸೇವೆ ಸಲ್ಲಿಸುವುದರಿಂದ ಮನೆಯವರ ಮನಸ್ಸಿಗೆ ಧೈರ್ಯ ಬರುವುದಾದರೆ ಮಾಡಿಸಿ. ಆದರೆ ಎರಡು ಷರತ್ತುಗಳಿಗೆ ಅವರನ್ನು ಒಪ್ಪಿಸಿ: ಮಾತ್ರೆ ಒಂದು ದಿನವೂ ತಪ್ಪಬಾರದು, ಉಪವಾಸ ಮತ್ತು ರಾತ್ರಿ ಜಾಗರಣೆ ಅವನಿಗೆ ಬೇಡ. ನಿದ್ದೆಗೆಡುವುದು ಉನ್ಮಾದವನ್ನು ಕೆರಳಿಸಬಲ್ಲದು. ಕೋಲವಿರಲಿ, ಬೆಳಗಿನವರೆಗಿನ ಯಕ್ಷಗಾ‌ನದ ಆಟವಿರಲಿ, ಈ ವರ್ಷ ಅವನು ಹತ್ತು ಗಂಟೆಗೆ ಮನೆಗೆ ಮರಳಿ ಮಲಗಲಿ. ಮನಸ್ಸಿನ ಏರಿಳಿತವನ್ನು ತಡೆಯುವ ಲಿಥಿಯಂ ಮಾತ್ರೆ ಕೊಟ್ಟಿದ್ದರೆ ರಕ್ತದಲ್ಲಿ ಅದರ ಮಟ್ಟವನ್ನೂ ಮೂತ್ರಪಿಂಡ, ಥೈರಾಯ್ಡುಗಳನ್ನೂ ಹೇಳಿದ ಸಮಯಕ್ಕೆ ಪರೀಕ್ಷಿಸಬೇಕು. ವಾಂತಿಭೇದಿಯಾದರೆ, ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬೆವರಿ ನೀರು ಕಡಿಮೆಯಾದರೆ, ನೋವಿಗೆಂದು ಅಂಗಡಿಯಿಂದ ಐಬುಪ್ರೊಫೇನ್ ಅಥವಾ ಡೈಕ್ಲೊಫಿನಾಕ್ ತಂದು ನುಂಗಿದರೆ ಆ ಮಟ್ಟ ಅಪಾಯಕ್ಕೇರಬಹುದು. ಸುಧಾರಿಸಿದ ಮೇಲೆ ಮಾತ್ರೆ ಬಿಡುವ ಆಸೆ ಅವನಿಗೆ ಮತ್ತೆ ಬರುತ್ತದೆ. ಎಷ್ಟು ಕಾಲ ಮುಂದುವರಿಸಬೇಕೆಂದು ಮುಂದಿನ ಭೇಟಿಯಲ್ಲಿಯೇ, ಅವನ ಎದುರಿನಲ್ಲಿ, ವೈದ್ಯರನ್ನು ಕೇಳಿ.

ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದು ಸಾಲಿನಂತೆ ನಿದ್ದೆಯ ಗಂಟೆ, ಮಾತಿನ ವೇಗ, ಮನಸ್ಸಿನ ಸ್ಥಿತಿ ಬರೆದಿಡಿ. ನಿದ್ದೆ ಎರಡು ಮೂರು ರಾತ್ರಿ ಸತತವಾಗಿ ಕಡಿಮೆಯಾಗಿ ಹುರುಪು ಏರಿದರೆ ಮುಂದಿನ ಭೇಟಿಯವರೆಗೆ ಕಾಯದೆ ಹೋಗಿ. ನಡುರಾತ್ರಿ ಗಾಬರಿಯಾದರೆ, ಅಥವಾ ಅವನು ಸಾಯುವ ಮಾತಾಡಿದರೆ, 14416 ಸಂಖ್ಯೆಯ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಖರ್ಚಿನ ಚಿಂತೆಯಿದ್ದರೆ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ, ಮಂಗಳೂರಿನ ವೆನ್‌ಲಾಕ್‌ನಲ್ಲಿ ಮನೋವೈದ್ಯ ವಿಭಾಗಗಳಿವೆ.

ಇನ್ನೂ ಒಂದು ಸಂಖ್ಯೆ ಹೇಳಿಬಿಡುತ್ತೇನೆ, ಏಕೆಂದರೆ ಕೆಲವು ತಿಂಗಳ ಬಳಿಕ ಅವನ ಚೀಟಿಯಲ್ಲಿ ಎಫ್ 31.7 ಎಂದು ಕಾಣಬಹುದು ಮತ್ತು ಹೆಸರು ಮತ್ತೆ ಬದಲಾಯಿತೆಂದು ನೀವು ಗಾಬರಿಗೊಳ್ಳಬಹುದು. ಅದರ ಅರ್ಥ, ಕಾಯಿಲೆ ಸದ್ಯ ಶಮನದಲ್ಲಿದೆ ಎಂದು.